ಅಪ್‌ಡೇಟ್: ಹಲಸಿನ ಹಲಗೆ ಒಡೀತದೆ ಅಂತ ಕೇಳಿದ್ದೆನಲ್ಲ, ಟೀಪಾಯಿ ಆಯ್ತು

ಬದಿಯಡ್ಕದ ಹತ್ತಿರ ನಮ್ಮ ತೋಟದಲ್ಲಿ ಗಾಳಿಗೆ ಬಿದ್ದ ಹಲಸಿನ ಮರ ಮಿಲ್ಲಲ್ಲಿ ಸಿಗಿಸಿದ್ದು, ಹಲಗೆಗಳ ತುದಿ ಬಿರುಕು ಬಿಡ್ತಾ ಉಂಟು ಎಂತ ಮಾಡುವುದು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೀವು ಹೇಳಿದ ಹಾಗೆ ಒಡೆದ ಭಾಗ ಕೊಯ್ದು ತೆಗೆದು ಎರಡೂ ತುದಿಗೆ ದಪ್ಪಕ್ಕೆ ಪೇಂಟ್ ಬಳಿದು, ನಡುನಡುವೆ ರೀಪಿನ (ಸಪೂರ ಮರದ ಪಟ್ಟಿ) ತುಂಡು ಇಟ್ಟು ನೆರಳಲ್ಲಿ ಪೇರಿಸಿದೆ, ತುದಿಯಿಂದಲೇ ನೀರು ಬೇಗ ಆರುವುದು ಅದಕ್ಕೇ ಅಲ್ಲಿ ಒಡೆಯುವುದು ಅಂತ ಒಬ್ಬರು ವಿವರಿಸಿದ್ರಲ್ಲ, ಅದು ಗೊತ್ತಾದ ಮೇಲೆ ಎಲ್ಲ ಅರ್ಥ ಆಯ್ತು. ಹಲಗೆ ಒಣಗಲಿಕ್ಕೆ 1 ಇಂಚು ದಪ್ಪಕ್ಕೆ ಹೆಚ್ಚುಕಡಿಮೆ 1 ವರ್ಷ ಅನ್ನುವ ಲೆಕ್ಕ ಹಿಡಿದು ಕಾದೆ, ನಮ್ಮ ಊರಿನ ಮಳೆಗಾಲದಲ್ಲಿ ಅವಸರ ಮಾಡಿ ಪ್ರಯೋಜನ ಇಲ್ಲ.

ಟೀಪಾಯಿಯ ಕಾಲಿಗೆ ತೂತು ಕೊರೆದು, ಅಡ್ಡಪಟ್ಟಿಯ ತುದಿಯನ್ನು ನಾಲಗೆಯ ಹಾಗೆ ಕೊಯ್ದು ಅದರಲ್ಲಿ ಕೂರಿಸಿದ್ದು, ಮೊಳೆ ಇಲ್ಲ. ಮೇಲಿನ ಹಲಗೆಯ ಸ್ಕ್ರೂ ತೂತು ಮಾತ್ರ ಸ್ವಲ್ಪ ಉದ್ದ ಮಾಡಿದ್ದೇನೆ, ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಉಬ್ತದೆ ಬೇಸಗೆಯಲ್ಲಿ ಕುಗ್ತದೆ, ಬಿಗಿಯಾಗಿ ಹಿಡಿದ್ರೆ ಮತ್ತೆ ಒಡೀತದೆ. ಹೊಸಬರು ಇದನ್ನು ಖಂಡಿತ ಮಾಡಿ.

ಪಾಲಿಶಿಗೆ ಅಗಸೆ ಎಣ್ಣೆ ಮಾತ್ರ. ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಇಡಬೇಡಿ, ತಾನಾಗಿ ಬಿಸಿಯಾಗಿ ಬೆಂಕಿ ಹಿಡಿಯುವುದುಂಟು, ಬಿಡಿಸಿ ಹೊರಗೆ ಹರಡಿ ಒಣಗಿಸಿ. ಬಣ್ಣ ಈಗ ಅರಸಿನದ ಹಾಗೆ ಉಂಟು, ಬೆಳಕಿಗೆ ಬರ್ತಾ ಬರ್ತಾ ಕಂದು ಆಗ್ತದೆ, ನನಗೆ ಅದೇ ಭಾರೀ ಇಷ್ಟ, ಸ್ಟೈನ್ (ಮರಕ್ಕೆ ಹಚ್ಚುವ ಬಣ್ಣ) ಬೇಡವೇ ಬೇಡ.

ಉಳಿದ ತುಂಡಲ್ಲಿ ಅಮ್ಮನಿಗೆ ತೆಂಗಿನಕಾಯಿ ತುರಿಯುವ ಹೆರೆಮಣೆ ಮಾಡುವ ಅಂತ ಉಂಟು, ಅಲಗು ಗಟ್ಟಿ ಕೂರಿಸುವ ಕ್ರಮ ಗೊತ್ತಿದ್ದವರು ಹೇಳಿ ಮಾರಾಯ್ರೆ.