ಮೆದುಳಿನ ರಕ್ತನಾಳ, ನರಗಳು, ಬೆನ್ನುಹುರಿ: ನೀವು ಹೇಗೆ ಓದಿದಿರಿ?

ಪ್ರಶ್ನೆ: ಫಿಸಿಯೋಥೆರಪಿ ಮೊದಲ ವರ್ಷದಲ್ಲಿದ್ದೇನೆ. ಕೈಕಾಲಿನ ಅನಾಟಮಿ ಹೇಗೋ ಬಂತು. ಮೆದುಳಿನ ರಕ್ತನಾಳ, ಕ್ರೇನಿಯಲ್ ನರಗಳು (ತಲೆಬುರುಡೆಯೊಳಗಿಂದ ಹೊರಡುವ ನರಗಳು), ಬೆನ್ನುಹುರಿ ಮಾತ್ರ ಎಷ್ಟು ಓದಿದರೂ ನಿಲ್ಲುತ್ತಿಲ್ಲ. ಹೆಸರು ನೆನಪಿದ್ದರೆ ಜಾಗ ಮರೆಯುತ್ತದೆ, ಜಾಗ ನೆನಪಿದ್ದರೆ ಕೆಲಸ ಮರೆಯುತ್ತದೆ. ಇದನ್ನು ದಾಟಿ ಬಂದವರು ಹೇಗೆ ಓದಿದಿರಿ, ಹೇಳ್ತೀರಾ?

ಅನಾಟಮಿ ಪಾಠ ಮಾಡುವವರು: ಬಾಯಿಪಾಠ ಬಿಡಿ, ಪೆನ್ಸಿಲ್ ಹಿಡಿಯಿರಿ. ಮೆದುಳಿಗೆ ರಕ್ತ ತರುವ ದೊಡ್ಡ ನಾಳಗಳು ನಾಲ್ಕೇ. ಮುಂದೆ ಎರಡು ಇಂಟರ್ನಲ್ ಕೆರೋಟಿಡ್, ಹಿಂದೆ ಎರಡು ವರ್ಟಿಬ್ರಲ್. ವರ್ಟಿಬ್ರಲ್‌ಗಳು ಸಾಮಾನ್ಯವಾಗಿ ಕತ್ತಿನ ಆರನೇ ಮೂಳೆಯಿಂದ ಶುರುಮಾಡಿ, ಒಂದೊಂದು ಮೂಳೆಯ ಪಕ್ಕದ ತೂತಿನಲ್ಲೂ ತೂರಿ ಮೇಲೇರುತ್ತವೆ. ತಲೆಬುರುಡೆಯ ತಳದ ದೊಡ್ಡ ತೂತಿನಿಂದ ಒಳಗೆ ಹೋಗುತ್ತವೆ. ಮೆದುಳನ್ನು ಬೆನ್ನುಹುರಿಗೆ ಜೋಡಿಸುವ ಮೆದುಳುಕಾಂಡದಲ್ಲಿ, ಕೆಳಗಿನ ಮೆಡುಲ್ಲಾ ಮುಗಿದು ನಡುವಿನ ಪಾನ್ಸ್ ಶುರುವಾಗುವ ಕಡೆ ಎರಡೂ ಕೂಡಿ ಒಂದು ಬೇಸಿಲಾರ್ ಆಗುತ್ತದೆ. ಅದು ಮೇಲೆ ಹೋಗಿ ಎರಡು ಪೋಸ್ಟೀರಿಯರ್ ಸೆರೆಬ್ರಲ್ ಆಗಿ ಕವಲೊಡೆಯುತ್ತದೆ.

ಈಗ ಕೆರೋಟಿಡ್‌ಗೆ ಬನ್ನಿ. ಅದರಿಂದ ಆಂಟೀರಿಯರ್ ಮತ್ತು ಮಿಡಲ್ ಸೆರೆಬ್ರಲ್ ಹುಟ್ಟುತ್ತವೆ. ಎರಡು ಆಂಟೀರಿಯರ್‌ಗಳ ನಡುವೆ ಒಂದು ಸಣ್ಣ ಸೇತುವೆ, ಕೆರೋಟಿಡ್‌ಗೂ ಪೋಸ್ಟೀರಿಯರ್‌ಗೂ ನಡುವೆ ಎಡಬಲ ಒಂದೊಂದು. ಮೆದುಳಿನ ತಳದ ಈ ನಾಳಗಳ ಉಂಗುರವೇ ಸರ್ಕಲ್ ಆಫ್ ವಿಲ್ಲಿಸ್, ಮುಗಿಯಿತು. ಥಾಮಸ್ ವಿಲ್ಲಿಸ್ ಇದನ್ನು 1664ರ ತಮ್ಮ ಪುಸ್ತಕದಲ್ಲಿ ಚಿತ್ರ ಸಮೇತ ವಿವರಿಸಿದರು. ಅದಕ್ಕೆ ಚಿತ್ರ ಬಿಡಿಸಿದವರಲ್ಲಿ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಒಬ್ಬರು. ಒಬ್ಬ ಕಟ್ಟಡ ಕಟ್ಟುವವನ ಕಣ್ಣಿಗೂ ಇದರ ರಚನೆ ಹಿಡಿಸಿತು ಎನ್ನುವುದು ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಒಂದು ಎಚ್ಚರಿಕೆ. ಪುಸ್ತಕದಲ್ಲಿರುವಷ್ಟು ಪೂರ್ತಿಯಾದ ಉಂಗುರ ಎಲ್ಲರಲ್ಲೂ ಇರುವುದಿಲ್ಲ. ಡಿಸೆಕ್ಷನ್‌ನಲ್ಲಿ ಒಂದು ಸೇತುವೆ ತೀರಾ ಸಣ್ಣದಾಗಿ ಕಂಡರೆ ಅಥವಾ ಕಾಣದಿದ್ದರೆ ಗಾಬರಿ ಬೇಡ.

ಮನೆಯಲ್ಲಿ ಆರೈಕೆ ಮಾಡಿದವರು: ನಾನು ಈ ವಿಷಯ ಕಾಲೇಜಿನಲ್ಲಿ ಓದಿದವಳಲ್ಲ. ಅಪ್ಪನಿಗೆ ಪಾರ್ಶ್ವವಾಯು ಆದಾಗ ಕಲಿತದ್ದು. ಬಲಗೈ ಪೂರ್ತಿ ಬಿದ್ದುಹೋಗಿತ್ತು, ಬಾಯಿ ಸೊಟ್ಟಗಾಗಿತ್ತು, ಮಾತು ಹೊರಡುತ್ತಿರಲಿಲ್ಲ. ಆದರೆ ಬಲಗಾಲಿನಲ್ಲಿ ಸ್ವಲ್ಪ ಶಕ್ತಿ ಇತ್ತು. ಕಾಲಿಗೆ ಮಾತ್ರ ಯಾಕೆ ವಿನಾಯಿತಿ ಅಂತ ಡಾಕ್ಟರನ್ನು ಕೇಳಿದೆ. ಅವರು ಹಾಳೆಯ ಮೇಲೆ ಬರೆದು ತೋರಿಸಿದರು. ಮುಖ ಮತ್ತು ಕೈಯನ್ನು ಆಡಿಸುವ ಭಾಗ ಮೆದುಳಿನ ಹೊರಮೈಯಲ್ಲಿದೆ, ಅಲ್ಲಿಗೆ ರಕ್ತ ಕೊಡುವುದು ಮಿಡಲ್ ಸೆರೆಬ್ರಲ್. ಕಾಲಿನ ಭಾಗ ಎರಡು ಅರೆಗೋಳಗಳ ನಡುವೆ ಒಳಮೈಯಲ್ಲಿದೆ, ಅದು ಆಂಟೀರಿಯರ್‌ಗೆ ಸೇರಿದ್ದು. ಮಾತಿನ ಭಾಗ ಹೆಚ್ಚಿನವರಲ್ಲಿ ಎಡಗಡೆ. ಅಪ್ಪನಿಗೆ ಕಟ್ಟಿಕೊಂಡಿದ್ದು ಎಡ ಮಿಡಲ್.

ಹಾಗಾಗಿ ನಾಳದ ಹೆಸರು ಓದಿದಾಗಲೆಲ್ಲ "ಇದು ಕಟ್ಟಿಕೊಂಡರೆ ಮನುಷ್ಯನಿಗೆ ಏನು ಹೋಗುತ್ತೆ?" ಅಂತ ಕೇಳಿಕೊಳ್ಳಿ. ಪೋಸ್ಟೀರಿಯರ್ ಆದರೆ ಎದುರು ಬದಿಯ ಅರ್ಧ ನೋಟ ಹೋಗುತ್ತದೆ. ಇನ್ನೊಂದು ಮಾತು, ಇದು ಓದುವ ಎಲ್ಲರಿಗೂ. ಮುಖ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಇದ್ದಕ್ಕಿದ್ದಂತೆ ಶುರುವಾದರೆ ಕಾಯಬೇಡಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು.

ನರ್ಸಿಂಗ್ ಓದಿದವರು: ಕ್ರೇನಿಯಲ್ ನರಗಳು 12 ಜೊತೆ. ಇವುಗಳ ಕ್ರಮಕ್ಕೆ ಒಂದು ನೆನಪಿನ ಸಾಲು ಇಟ್ಟುಕೊಳ್ಳಿ, ತಪ್ಪೇನಿಲ್ಲ. ಆದರೆ ಅಲ್ಲಿಗೇ ನಿಲ್ಲಬೇಡಿ, ಜಾಗ ಸೇರಿಸಿ. ಮೊದಲ ಎರಡು ಮೆದುಳುಕಾಂಡದಿಂದ ಬರುವುದಿಲ್ಲ. 3 ಮತ್ತು 4 ಕಾಂಡದ ಮೇಲ್ಭಾಗವಾದ ಮಿಡ್‌ಬ್ರೇನ್, 5ರಿಂದ 8 ಪಾನ್ಸ್ ಮತ್ತು ಅದರ ಕೆಳ ಅಂಚು, 9, 10, 12 ಮೆಡುಲ್ಲಾ. 11 ಬಹುಪಾಲು ಕತ್ತಿನ ಬೆನ್ನುಹುರಿಯಿಂದ ಹುಟ್ಟುತ್ತದೆ. ಕಾಂಡದ ಹಿಂಬದಿಯಿಂದ ಹೊರಡುವುದು ನಾಲ್ಕನೆಯದು ಮಾತ್ರ, ಪರೀಕ್ಷೆಯಲ್ಲಿ ಇದನ್ನು ಕೇಳೇ ಕೇಳ್ತಾರೆ.

ಆಮೇಲೆ ಸ್ನೇಹಿತರನ್ನು ಎದುರಿಗೆ ಕೂರಿಸಿ ಒಂದೊಂದೇ ಪರೀಕ್ಷೆ ಮಾಡಿ. ಏಳನೆಯದಕ್ಕೆ, ಅಂದರೆ ಮುಖವನ್ನು ಆಡಿಸುವ ನರಕ್ಕೆ ಬಂದಾಗ ಹಣೆ ಸುಕ್ಕು ಮಾಡಲು ಹೇಳಿ. ಹಣೆಗೆ ಮೆದುಳಿನ ಎರಡೂ ಕಡೆಯಿಂದ ಆಜ್ಞೆ ಬರುತ್ತದೆ. ಅದಕ್ಕೇ ಮೆದುಳಿನಲ್ಲಿ ಪೆಟ್ಟಾದರೆ ಮುಖದ ಕೆಳಭಾಗ ಸೋತರೂ ಹಣೆ ಸಾಮಾನ್ಯವಾಗಿ ಉಳಿಯುತ್ತದೆ. ನರವೇ ಕೆಟ್ಟರೆ ಹಣೆಯೂ ಹೋಗುತ್ತದೆ. ಇದೊಂದು ಅರ್ಥವಾದರೆ ಏಳನೇ ನರ ಮರೆಯಲ್ಲ.

ಫಿಸಿಯೋ ಆಗಿ ಕೆಲಸ ಮಾಡುವವರು: ನಿಮ್ಮ ಕೆಲಸದಲ್ಲಿ ಜಾಸ್ತಿ ಬೇಕಾಗುವುದು ಬೆನ್ನುಹುರಿ. 31 ಜೊತೆ ನರಗಳು: ಕತ್ತು 8, ಎದೆ 12, ಸೊಂಟ 5, ಸೇಕ್ರಲ್ (ಸೊಂಟದ ಕೆಳಗಿನ ಭಾಗ) 5, ಕೊನೆಯದು 1. ಕತ್ತಿನಲ್ಲಿ ಮೂಳೆ ಏಳೇ, ನರ ಎಂಟು. ಮೊದಲ ಏಳು ತಮ್ಮ ಸಂಖ್ಯೆಯ ಮೂಳೆಯ ಮೇಲಿನಿಂದ ಹೊರಬರುತ್ತವೆ, ಎಂಟನೆಯದು ಏಳನೇ ಮೂಳೆಯ ಕೆಳಗಿನಿಂದ. ಅಲ್ಲಿಂದ ಮುಂದೆ ಎಲ್ಲವೂ ಕೆಳಗಿನಿಂದಲೇ.

ದೊಡ್ಡವರಲ್ಲಿ ಬೆನ್ನುಹುರಿ ಎಲ್1-ಎಲ್2 (ಸೊಂಟದ ಒಂದನೇ-ಎರಡನೇ ಮೂಳೆ) ಹತ್ತಿರ ಮುಗಿಯುತ್ತದೆ. ಅದರ ಕೆಳಗೆ ನರಗಳ ಗೊಂಚಲು ಮಾತ್ರ. ಬೆನ್ನಿನ ನೀರು ತೆಗೆಯುವ ಸೂಜಿಯನ್ನು ಎಲ್3-ಎಲ್4 ಅಥವಾ ಎಲ್4-ಎಲ್5 ನಡುವೆ ಚುಚ್ಚುವುದು ಇದಕ್ಕೇ.

ಮೆದುಳಿಗೂ ಮೈಗೂ ನಡುವಿನ ನರದ ದಾರಿಗಳನ್ನು ಓದುವಾಗ "ಎದುರು ಬದಿಗೆ ಎಲ್ಲಿ ದಾಟುತ್ತೆ?" ಅಂತ ಮಾತ್ರ ನೋಡಿ. ಚಲನೆಯ ದಾರಿ ಬಹುಪಾಲು ಮೆಡುಲ್ಲಾದಲ್ಲಿ ದಾಟುತ್ತದೆ. ಕಂಪನ ಮತ್ತು ಕೀಲು ಎಲ್ಲಿದೆ ಎನ್ನುವ ಅರಿವಿನ ದಾರಿಯೂ ಅಲ್ಲೇ. ನೋವು ಮತ್ತು ಬಿಸಿ-ತಂಪಿನ ದಾರಿ ಮಾತ್ರ ಬೆನ್ನುಹುರಿ ಸೇರಿದ ಸ್ವಲ್ಪದರಲ್ಲೇ ದಾಟುತ್ತದೆ. ಈಗ ಬೆನ್ನುಹುರಿಯ ಬಲಗಡೆಯ ಅರ್ಧ ತುಂಡಾಯಿತು ಅಂದುಕೊಳ್ಳಿ. ಅದರ ಕೆಳಗೆ ಬಲಗಡೆ ಶಕ್ತಿ ಮತ್ತು ಕಂಪನ ಹೋಗುತ್ತವೆ, ಎಡಗಡೆ ನೋವು ಗೊತ್ತಾಗುವುದಿಲ್ಲ. ಪುಸ್ತಕದಲ್ಲಿ ಬರುವ ಬ್ರೌನ್-ಸೆಕ್ವಾರ್ಡ್ ಸಿಂಡ್ರೋಮ್ ಅಂದರೆ ಇಷ್ಟೇ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಬೆನ್ನುಹುರಿಯ ರಕ್ತನಾಳಕ್ಕೂ ಇದೇ ರೀತಿ ಕೇಳಿಕೊಳ್ಳಬಹುದಾ?

ಫಿಸಿಯೋ: ಖಂಡಿತ. ಮುಂದೆ ಒಂದು, ಹಿಂದೆ ಎರಡು ಸ್ಪೈನಲ್ ಆರ್ಟರಿ. ಮುಂದಿನದು ಬೆನ್ನುಹುರಿಯ ಮುಂಭಾಗದ ಮೂರನೇ ಎರಡು ಪಾಲನ್ನು ಸಾಕುತ್ತದೆ. ಅದು ಕಟ್ಟಿಕೊಂಡರೆ ಎರಡೂ ಕಡೆ ಶಕ್ತಿ ಹೋಗುತ್ತದೆ, ನೋವಿನ ಅರಿವೂ ಹೋಗುತ್ತದೆ. ಆದರೆ ಟ್ಯೂನಿಂಗ್ ಫೋರ್ಕ್ (ತಟ್ಟಿದರೆ ಕಂಪಿಸುವ ಲೋಹದ ಕವೆ) ಇಟ್ಟರೆ ಕಂಪನ ಗೊತ್ತಾಗುತ್ತದೆ. ಯಾಕೆ ಅಂತ ನೀವೇ ಚಿತ್ರ ಬರೆದು ಹೇಳಿ ನೋಡೋಣ.