ಪಟಿಕದ ಹರಳಿಗೆ ಮೂಲೆ ಕೊಯ್ದಂತೆ ಕಾಣುವುದೇಕೆ?

ಪ್ರಶ್ನೆ (ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ): ಸರ್, ವಸ್ತುಪ್ರದರ್ಶನಕ್ಕೆಂದು ಮಕ್ಕಳ ಕೈಲಿ ಪಟಿಕದ ಹರಳು ಬೆಳೆಸುತ್ತಿದ್ದೇವೆ. ಡಿಸ್ಟಿಲ್ಡ್ ವಾಟರ್ ಜಾಡಿಯಲ್ಲಿ ಬಂದ ಹರಳು ಎರಡು ಪಿರಮಿಡ್‌ಗಳ ಬುಡ ಅಂಟಿಸಿದ ಹಾಗಿದೆ, ಎಂಟು ತ್ರಿಕೋನ ಮುಖ, ಮೂಲೆಗಳೆಲ್ಲ ಚೂಪು. ಬೋರ್‌ವೆಲ್ ನೀರಿನ ಜಾಡಿಯ ಹರಳಿಗೆ ಆರೂ ಮೂಲೆಗಳಲ್ಲಿ ಚಾಕುವಿನಿಂದ ಕೊಯ್ದ ಹಾಗೆ ಪುಟ್ಟ ಚೌಕಗಳು. ಪಟಿಕ ಮಾತ್ರ ಒಂದೇ ಪೊಟ್ಟಣದ್ದು. ನೀರಿನಲ್ಲಿರುವ ಬೆರಕೆಗೆ ಆಕಾರ ಬದಲಿಸುವ ಶಕ್ತಿ ಇದೆಯೇ? ಇದ್ದರೆ ಬೇಕೆಂದೇ ಮಾಡಿ ತೋರಿಸಬಹುದೇ?

ಉತ್ತರ (ಹರಳು ಬೆಳೆಸುವ ಪ್ರಯೋಗಾಲಯದ ರಸಾಯನ ತಜ್ಞ): ಇದೆ ಮೇಡಂ, ಮಾಡಿಯೂ ತೋರಿಸಬಹುದು. ನಿಮ್ಮ ಮಕ್ಕಳು ಆ ಚೌಕಗಳನ್ನು ಗಮನಿಸಿದ್ದೇ ದೊಡ್ಡದು. ಅವು ಮುರಿದ ಮೂಲೆಗಳಲ್ಲ, ಘನಾಕೃತಿಯ ಆರು ಮುಖಗಳು.

ಹರಳಿನ ಒಳಗಿನ ಜೋಡಣೆ ಎರಡೂ ಜಾಡಿಯಲ್ಲಿ ಒಂದೇ. ಬದಲಾಗಿರುವುದು ಯಾವ ಮುಖ ಎಷ್ಟು ಬೇಗ ಹೊರಕ್ಕೆ ಸರಿಯುತ್ತದೆ ಎನ್ನುವುದಷ್ಟೇ. ಬೇಗ ಬೆಳೆಯುವ ಮುಖ ಹೊರಕ್ಕೆ ಸರಿದಂತೆಲ್ಲ ಕಿರಿದಾಗಿ, ಕೊನೆಗೆ ಒಂದು ಚೂಪು ಮೂಲೆಯಾಗಿ ಮಾಯವಾಗುತ್ತದೆ. ನಿಧಾನ ಬೆಳೆಯುವ ಮುಖವೇ ಅಗಲವಾಗಿ ಉಳಿಯುತ್ತದೆ. ಶುದ್ಧ ನೀರಿನಲ್ಲಿ ಪಟಿಕದ ತ್ರಿಕೋನ ಮುಖಗಳು ನಿಧಾನ, ಚೌಕ ಮುಖಗಳು ವೇಗ. ಹಾಗಾಗಿ ತ್ರಿಕೋನಗಳಷ್ಟೇ ಕಾಣುತ್ತವೆ. ಚೌಕ ಮುಖಕ್ಕೆ ಅಂಟಿಕೊಂಡು ಅದನ್ನು ತಡೆಯುವ ವಸ್ತು ನೀರಿನಲ್ಲಿದ್ದರೆ ಲೆಕ್ಕ ತಿರುಗುತ್ತದೆ: ಮೊದಲು ಮೂಲೆಯಲ್ಲಿ ಪುಟ್ಟ ಚೌಕ, ತಡೆ ಬಲವಾದರೆ ಚೌಕವೂ ತ್ರಿಕೋನವೂ ಸಮಸಮ, ಇನ್ನೂ ಬಲವಾದರೆ ಪೂರ್ತಿ ಘನ.

ಪಟಿಕದ ದ್ರಾವಣ ಆಮ್ಲೀಯ. ಬೋರ್‌ವೆಲ್ ನೀರಿನ ಬೈಕಾರ್ಬೊನೇಟ್ ಆ ಹುಳಿಯನ್ನು ಸ್ವಲ್ಪ ತಗ್ಗಿಸುತ್ತದೆ. ಆಗ ಅಲ್ಯೂಮಿನಿಯಂ ಅಯಾನುಗಳ ಒಂದು ಪಾಲು ಹೈಡ್ರಾಕ್ಸೈಡ್ ಕಡೆಗೆ ಹೊರಳುತ್ತದೆ. ಚೌಕ ಮುಖಕ್ಕೆ ಅಂಟಿ ತಡೆಯುವುದು ಈ ಪಾಲು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಶುದ್ಧ ದ್ರಾವಣದಲ್ಲೂ ಒಮ್ಮೊಮ್ಮೆ ಚಿಕ್ಕ ಚೌಕಗಳು ಕಾಣುವುದುಂಟು. ಆದ್ದರಿಂದ ಎರಡೇ ಜಾಡಿ ನೋಡಿ ತೀರ್ಮಾನಿಸಬೇಡಿ, ಬಿಳಿಗಾರ (ಬೋರಾಕ್ಸ್) ಹಾಕಿ ಪರೀಕ್ಷಿಸಿ; ಅದೂ ಕ್ಷಾರೀಯ, ಹುಳಿಯನ್ನು ಹೀಗೇ ತಗ್ಗಿಸುತ್ತದೆ.

500 ಮಿಲೀ ಡಿಸ್ಟಿಲ್ಡ್ ವಾಟರ್‌ಗೆ 100 ಗ್ರಾಂ ಪಟಿಕದ ಪುಡಿ ಹಾಕಿ, ಸುಮಾರು 50 ಡಿಗ್ರಿಗೆ ಬಿಸಿ ಮಾಡಿ ಕರಗಿಸಿ, ಬಿಸಿಯಿರುವಾಗಲೇ ಸೋಸಿ, ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ತಳದಲ್ಲಿ ಹರಳು ಕೂತಿರಬೇಕು. ಕೂತಿಲ್ಲವೆಂದರೆ ದ್ರಾವಣ ಇನ್ನೂ ಪರ್ಯಾಪ್ತವಾಗಿಲ್ಲ, ಅಂದರೆ ಕರಗಬಹುದಾದಷ್ಟು ಪಟಿಕ ಅದರಲ್ಲಿಲ್ಲ; ಸ್ವಲ್ಪ ಪಟಿಕ ಸೇರಿಸಿ ಮತ್ತೆ ಬಿಸಿ ಮಾಡಿ. ಮೇಲಿನ ತಿಳಿಯನ್ನು ನಾಲ್ಕು ಜಾಡಿಗಳಿಗೆ 100 ಮಿಲೀಯಂತೆ ಬಗ್ಗಿಸಿ. ಒಂದಕ್ಕೆ ಏನೂ ಬೇಡ. ಉಳಿದ ಮೂರಕ್ಕೆ ಅರ್ಧ, ಒಂದು ಮತ್ತು ಎರಡು ಗ್ರಾಂ ಬಿಳಿಗಾರದ ಪುಡಿ. ಬಿಳಿಗಾರವನ್ನು ನೀರಿನಲ್ಲಿ ಕರಗಿಸಿ ಹಾಕಬೇಡಿ, ಪಟಿಕದ ದ್ರಾವಣ ತೆಳುವಾಗಿ ಬೆಳೆಸಲು ಇಳಿಬಿಡುವ ಬೀಜದ ಹರಳೇ ಕರಗುತ್ತದೆ. ಪುಡಿ ಬಿದ್ದಲ್ಲಿ ಬಿಳಿ ಮೋಡ ಏಳುತ್ತದೆ, ಕಲಕುತ್ತಿದ್ದರೆ ನಿಧಾನವಾಗಿ ತಿಳಿಯಾಗುತ್ತದೆ. ಉಳಿದ ಮಬ್ಬನ್ನು ಸೋಸಿಬಿಡಿ. ಇಲ್ಲಿಂದ ಮುಂದೆ ಬಿಸಿ ಮಾಡಲೇಬಾರದು. ಮಾಡಿದರೆ ಅಲ್ಯೂಮಿನಿಯಂನ ಪ್ರತ್ಯಾಮ್ಲೀಯ ಲವಣ ಬಿಳಿಯಾಗಿ ಬೇರ್ಪಟ್ಟು ಕೂರುತ್ತದೆ.

ತಳದಲ್ಲಿ ಸಿಕ್ಕ ಹರಳುಗಳಿಂದ 3-4 ಮಿಮೀ ಅಳತೆಯ, ಚೂಪು ಮೂಲೆಯ, ಒಂದೇ ಥರದ ನಾಲ್ಕನ್ನು ಆರಿಸಿ. ತೆಳು ಗಾಳದ ದಾರದಲ್ಲಿ ಕಟ್ಟಿ ಇಳಿಬಿಡಿ. ಹತ್ತಿ ದಾರ ಬೇಡ, ಅದರ ನಾರಿಗೆಲ್ಲ ಹರಳು ಕಟ್ಟುತ್ತದೆ. ಜಾಡಿಯ ಬಾಯಿಗೆ ಕಾಗದ ಕಟ್ಟಿ, ನಾಲ್ಕನ್ನೂ ಒಂದೇ ಥರ್ಮೋಕೋಲ್ ಪೆಟ್ಟಿಗೆಯಲ್ಲಿಡಿ. ಮಧ್ಯಾಹ್ನದ ಸೆಕೆಗೆ ದ್ರಾವಣ ನಾಲ್ಕೈದು ಡಿಗ್ರಿ ಏರಿದರೂ ಹರಳಿನ ಮೂಲೆ ಕರಗಿ ಉರುಟಾಗುತ್ತದೆ. ಅದನ್ನು ಬಿಳಿಗಾರದ ಪರಿಣಾಮವೆಂದು ಬರೆದುಕೊಳ್ಳುವ ಅಪಾಯವಿದೆ. ಕರಗಿದ ಮೂಲೆ ಉರುಟಾಗಿರುತ್ತದೆ; ಬೆಳೆದ ಚೌಕ ಕನ್ನಡಿಯಂತೆ ಸಪಾಟಾಗಿ ಹೊಳೆಯುತ್ತದೆ.

ಚೌಕ ಬಂದ ಹರಳನ್ನು ಕೊನೆಗೆ ಬಿಳಿಗಾರವಿಲ್ಲದ ಜಾಡಿಗೆ ಸ್ಥಳಾಂತರಿಸಿ. ಬೆಳೆಯುತ್ತ ಮೂಲೆಗಳು ಮತ್ತೆ ಚೂಪಾದರೆ ಅದೇ ನಿಮ್ಮ ಪುರಾವೆ. ಬಿಳಿಗಾರ ಮುಟ್ಟಿದ ಕೈ ತೊಳೆಸಿ, ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

ಪ್ರಶ್ನೆ (ಪಿಯು ಉಪನ್ಯಾಸಕ): ಅಡುಗೆ ಉಪ್ಪಿಗೆ ಇಂಥದ್ದು ಇದೆಯೇ ಸರ್? ಯೂರಿಯಾ ಹಾಕಿದೆವು, ಘನವೂ ಬರಲಿಲ್ಲ, ಎಂಟು ಮುಖವೂ ಬರಲಿಲ್ಲ. ಮೇಲೆ ಎಣ್ಣೆಯಂಥ ಪೊರೆ, ಕೆಳಗೆ ಬಿಳಿ ರಾಡಿ.

ಉತ್ತರ: ಎರಡೂ ಸಾಮಾನು ತಪ್ಪಿವೆ. ಗೊಬ್ಬರದ ಅಂಗಡಿಯ ಯೂರಿಯಾಗೆ ನಮ್ಮಲ್ಲಿ ಬೇವಿನೆಣ್ಣೆ ಲೇಪಿಸಿರುತ್ತಾರೆ. ಆ ಎಣ್ಣೆಯೇ ಪೊರೆಯಾಗಿ ನೀರು ಆರದಂತೆ ಮುಚ್ಚಿದೆ. ಪೊಟ್ಟಣದ ಪುಡಿ ಉಪ್ಪಿನಲ್ಲಿ ಅಯೋಡಿನ್ ಲವಣದ ಜೊತೆಗೆ ಗಂಟು ಕಟ್ಟದಿರಲು ಹಾಕಿದ ವಸ್ತುಗಳಿರುತ್ತವೆ, ಕರಗದ ಸಿಲಿಕಾದಂಥವು ರಾಡಿಯಾಗುತ್ತವೆ. ಪ್ರಯೋಗಾಲಯದ ಯೂರಿಯಾ ತನ್ನಿ. ಕಲ್ಲುಪ್ಪನ್ನು ಕರಗಿಸಿ, ಸೋಸಿ, ಒಮ್ಮೆ ಹರಳಾಗಿಸಿ ಅದನ್ನು ಬಳಸಿ.

ಉಪ್ಪಿನ ವಿಚಾರದಲ್ಲಿ ತಣಿಸುವ ದಾರಿ ಕೆಲಸಕ್ಕೆ ಬಾರದು. 100 ಮಿಲೀ ನೀರಿಗೆ 20 ಡಿಗ್ರಿಯಲ್ಲಿ ಸುಮಾರು 36 ಗ್ರಾಂ ಕರಗಿದರೆ, ಕುದಿಯುವಾಗಲೂ 39 ಗ್ರಾಂ ಮಾತ್ರ. ಅಗಲ ತಟ್ಟೆಯಲ್ಲಿ ನಿಧಾನವಾಗಿ ಆರಿಸಬೇಕು. ಪರ್ಯಾಪ್ತ ಉಪ್ಪುನೀರು 100 ಮಿಲೀಗೆ 10, 20, 30 ಗ್ರಾಂ ಯೂರಿಯಾದಂತೆ ಸಾಲಾಗಿ ಇಡಿ. ಬಿಳಿಗಾರದ ಹಾಗೆ ಚಿಟಿಕೆಯಲ್ಲಿ ಕೆಲಸವಾಗದು, ಯೂರಿಯಾ ಹೇರಳವಾಗಿ ಬೇಕು. ಇಲ್ಲಿ ಪಟಿಕದ ತದ್ವಿರುದ್ಧ ನಡೆಯುತ್ತದೆ: ಘನದ ಎಂಟು ಮೂಲೆಗಳಲ್ಲಿ ತ್ರಿಕೋನಗಳು ಮೂಡುತ್ತವೆ. ಉಪ್ಪಿನ ಆ ತ್ರಿಕೋನ ಮುಖದಲ್ಲಿ ಬರೀ ಸೋಡಿಯಂ ಇಲ್ಲವೇ ಬರೀ ಕ್ಲೋರೈಡ್ ಪದರ ಇರುವುದರಿಂದ ಶುದ್ಧ ನೀರಿನಲ್ಲಿ ಅದು ನಿಲ್ಲದು, ಯೂರಿಯಾ ಅದಕ್ಕೆ ಆಸರೆ ಕೊಡುತ್ತದೆ. ತಟ್ಟೆ ಪೂರ್ತಿ ಆರುವ ಮುಂಚೆ ಹರಳು ಎತ್ತಿಬಿಡಿ. ಕೊನೆಯಲ್ಲಿ ಯೂರಿಯಾವೇ ಹರಳುಗಟ್ಟಿ ಮೆತ್ತಿಕೊಳ್ಳುತ್ತದೆ. ಮೂತ್ರ ಸೇರಿಸಿದ ಉಪ್ಪುನೀರಿನಲ್ಲಿ ಎಂಟು ಮುಖದ ಹರಳು ಬರುವುದನ್ನು ಫ್ರಾನ್ಸಿನ ಹರಳು ವಿಜ್ಞಾನಿ ರೋಮೆ ದ ಲಿಲ್ 1783ರಲ್ಲೇ ದಾಖಲಿಸಿದ್ದರು.

ಪ್ರಶ್ನೆ (ಎಂಎಸ್ಸಿ ವಿದ್ಯಾರ್ಥಿನಿ): ಯೂರಿಯಾ ಹೇರಳ ಬೇಕು ಅಂದಿರಿ. ಆದರೆ ಫೆರೋಸಯನೈಡ್ (ಕಬ್ಬಿಣದ ಸುತ್ತ ಆರು ಸಯನೈಡ್ ಇರುವ ಅಯಾನು) ಕೆಲವೇ ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಕೆಲವೇ ಪಾಲು ಇದ್ದರೂ ಉಪ್ಪಿನ ಹರಳನ್ನು ಬದಲಿಸುತ್ತದೆ ಎಂದು ಓದಿದ್ದೇನೆ. ಅಷ್ಟು ಕಡಿಮೆ ಹೇಗೆ ಸಾಕಾಗುತ್ತದೆ?

ಉತ್ತರ: ಮುಖವನ್ನೆಲ್ಲ ಮುಚ್ಚಬೇಕಾಗಿಲ್ಲ, ಅದಕ್ಕೇ ಸಾಕು. ಹರಳು ಬೆಳೆಯುವುದು ಗಾರೆ ಕೆಲಸದವರು ಇಟ್ಟಿಗೆ ವರಸೆ ಕಟ್ಟಿದ ಹಾಗೆ: ಒಂದು ಪದರದ ಅಂಚು ಮುಖದ ಮೇಲೆ ಹರಿದುಕೊಂಡು ಹೋಗುತ್ತದೆ, ಹೊಸ ಅಯಾನು ಕೂರುವುದು ಆ ಅಂಚಿನಲ್ಲೇ. ಅಂಚಿನ ದಾರಿಯಲ್ಲಿ ಅಲ್ಲೊಂದು ಇಲ್ಲೊಂದು ಬೆರಕೆ ಕಣ ಗೂಟದಂತೆ ನಿಂತರೆ, ಅಂಚು ಎರಡು ಗೂಟಗಳ ನಡುವೆ ಬಾಗಿ ನುಸುಳಬೇಕು. ಬಾಗು ಬಿಗಿಯಾದಷ್ಟೂ ಅಲ್ಲಿನ ಅಯಾನುಗಳು ಕಳಚಿಕೊಳ್ಳುವುದು ಹೆಚ್ಚು. ಗೂಟಗಳ ಅಂತರ ಕ್ರಾಂತಿಕ ತ್ರಿಜ್ಯದ (ಇದಕ್ಕಿಂತ ಬಿಗಿಯಾಗಿ ಬಾಗಿದರೆ ಅಂಚು ಬೆಳೆಯಲಾರದು) ಎರಡರಷ್ಟಕ್ಕಿಂತ ಕಡಿಮೆಯಾದರೆ ಅಂಚು ನಿಂತೇಬಿಡುತ್ತದೆ. ವಿಜ್ಞಾನಿಗಳಾದ ಕಬ್ರೇರಾ ಮತ್ತು ವರ್ಮಿಲಿಯಾ 1958ರಲ್ಲಿ ಕೊಟ್ಟ ಮಾದರಿ ಇದು. ಫೆರೋಸಯನೈಡ್ ಅಯಾನು ಗಾತ್ರದಲ್ಲೂ ಆಕಾರದಲ್ಲೂ ಸೋಡಿಯಂ ಸುತ್ತಲಿನ ಆರು ಕ್ಲೋರೈಡ್‌ಗಳ ಗುಂಪಿನ ಜಾಗಕ್ಕೆ ಹೊಂದಿಕೊಂಡು ಕೂರುತ್ತದೆ, ಮೇಲಿನ ಪದರಕ್ಕೆ ಮಾತ್ರ ಜಾಗ ಕೊಡುವುದಿಲ್ಲ. ಹಾಗಾಗಿ ಗೂಟ ಭದ್ರ. ಆರಿಸುವಾಗ ಇದಿದ್ದರೆ ಸಪಾಟು ಘನದ ಬದಲು ಕವಲೊಡೆದ, ಗರಿಯಂಥ ಉಪ್ಪು ಬರುತ್ತದೆ.

ಇಲ್ಲೊಂದು ಮಾತು ಪ್ರಯೋಗ ಮಾಡುವವರೆಲ್ಲರಿಗೂ ಮುಖ್ಯ. ಬೇಗ ಆರಿ ಅತಿಪರ್ಯಾಪ್ತತೆ (ಕರಗುವ ಮಿತಿಗಿಂತ ಹೆಚ್ಚು ಕರಗಿರುವ ಸ್ಥಿತಿ) ಹೆಚ್ಚಿದರೆ ಕ್ರಾಂತಿಕ ತ್ರಿಜ್ಯ ಕುಗ್ಗುತ್ತದೆ, ಅಂಚು ಅದೇ ಗೂಟಗಳ ನಡುವೆ ನುಗ್ಗಿ ಹೋಗುತ್ತದೆ. ಅಂದರೆ ಒಂದು ಗ್ರಾಂ ಬಿಳಿಗಾರ ನಿಧಾನ ಆರುವ ಜಾಡಿಯಲ್ಲಿ ಮಾಡುವ ಕೆಲಸವನ್ನು ಫ್ಯಾನ್ ಕೆಳಗಿನ ಜಾಡಿಯಲ್ಲಿ ಮಾಡದೇ ಇರಬಹುದು. ಆರುವ ವೇಗ ಬರೆದಿಡದೆ ಬೆರಕೆಯ ಪ್ರಮಾಣವನ್ನಷ್ಟೇ ಬರೆದಿಟ್ಟರೆ ಆ ಅಂಕಿಯಿಂದ ಉಪಯೋಗವಿಲ್ಲ.

ಪ್ರಶ್ನೆ (ಶಿಕ್ಷಕಿ): ಮಕ್ಕಳು ನೀಲಿ ಹರಳು ಬೇಕೆಂದು ಪಟಿಕಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿದರು. ದ್ರಾವಣ ನೀಲಿ, ಹರಳು ಬಿಳಿ!

ಉತ್ತರ: ತಾಮ್ರಕ್ಕೆ ಪಟಿಕದ ಜಾಲದಲ್ಲಿ, ಅಂದರೆ ಹರಳಿನ ಒಳಗಿನ ಅಯಾನುಗಳ ಜೋಡಣೆಯಲ್ಲಿ, ಜಾಗವಿಲ್ಲ ಮೇಡಂ. ಒಳಗೆ ಸೇರಬೇಕಾದರೆ ವಿದ್ಯುದಾವೇಶವೂ ಗಾತ್ರವೂ ಹೊಂದಬೇಕು. ಕ್ರೋಮ್ ಪಟಿಕ ಹಾಕಿ: ಕ್ರೋಮಿಯಂ ಅಲ್ಯೂಮಿನಿಯಂನ ಜಾಗದಲ್ಲೇ ಕೂರುತ್ತದೆ, ಆಕಾರ ಹಾಗೇ ಇರುತ್ತದೆ, ಬಣ್ಣ ನೇರಳೆ. ನೇರಳೆ ಹರಳನ್ನು ಬಿಳಿ ಪಟಿಕದ ದ್ರಾವಣದಲ್ಲಿ ಇಳಿಬಿಟ್ಟರೆ ಒಳಗೆ ನೇರಳೆ, ಹೊರಗೆ ಗಾಜಿನಂಥ ಹೊದಿಕೆ ಬರುತ್ತದೆ. ಕ್ರೋಮ್ ಪಟಿಕವನ್ನು 50 ಡಿಗ್ರಿಗಿಂತ ಕೆಳಗೇ ಕರಗಿಸಿ; ಹೆಚ್ಚು ಕಾದರೆ ಹಸಿರಾಗುತ್ತದೆ, ಹರಳೂ ಸರಿಯಾಗಿ ಕಟ್ಟುವುದಿಲ್ಲ. ಕ್ರೋಮಿಯಂ ಲವಣವಾದ್ದರಿಂದ ಕೈಗವಸು ಇರಲಿ, ಉಳಿದ ದ್ರಾವಣವನ್ನು ಸಿಂಕ್‌ಗೆ ಸುರಿಯಬೇಡಿ.

ಪ್ರಶ್ನೆ (ಮತ್ತೊಬ್ಬರು): ನೆಲದೊಳಗಿನ, ಸಮುದ್ರದ ಖನಿಜಗಳಲ್ಲೂ ಹೀಗೇ ನಡೆಯುತ್ತದೆಯೇ?

ಉತ್ತರ: ನಡೆಯುತ್ತದೆ. ಸಮುದ್ರದ ನೀರಿನಲ್ಲಿ ಒಂದು ಕ್ಯಾಲ್ಸಿಯಂಗೆ ಸುಮಾರು ಐದು ಮೆಗ್ನೀಸಿಯಂ ಅಯಾನುಗಳಿವೆ. ಮೆಗ್ನೀಸಿಯಂ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಒಂದು ಹರಳು ರೂಪವಾದ ಕ್ಯಾಲ್ಸೈಟ್‌ನ ಅಂಚುಗಳಿಗೆ ಸೇರಿಕೊಳ್ಳುತ್ತದೆ. ಸೇರಿದ ಕ್ಯಾಲ್ಸೈಟ್ ಹೆಚ್ಚು ಕರಗುವಂಥದ್ದಾದ್ದರಿಂದ ಬೆಳವಣಿಗೆ ಕುಂಟುತ್ತದೆ. ಅದೇ ರಾಸಾಯನಿಕದ ಇನ್ನೊಂದು ರೂಪವಾದ ಅರಗೊನೈಟ್‌ನ ಜಾಲಕ್ಕೆ ಮೆಗ್ನೀಸಿಯಂ ಹೊಂದದು, ಹಾಗಾಗಿ ಅದಕ್ಕೆ ಅಡ್ಡಿಯೂ ಕಡಿಮೆ. ಬೆಚ್ಚನೆಯ ಸಮುದ್ರದ ನೀರಿನಲ್ಲಿ ತಾನಾಗಿ ಸುಣ್ಣ ಕೂರುವಾಗ ಹೆಚ್ಚಾಗಿ ಅರಗೊನೈಟ್ ಸೂಜಿಗಳೇ ಬರುವುದು ಇದರಿಂದ.

ಗೋಕರ್ಣದ ಬಳಿಯ ಸಾಣಿಕಟ್ಟಾದಂಥ ಉಪ್ಪಿನ ಆಗರಗಳಲ್ಲೂ ಮೆಗ್ನೀಸಿಯಂನದೇ ಚಿಂತೆ. ನೀರು ಸುಮಾರು 25 ಡಿಗ್ರಿ ಬೋಮೆಗೆ (ಉಪ್ಪುನೀರಿನ ಸಾಂದ್ರತೆಯ ಅಳತೆ) ಬಂದಾಗ ಉಪ್ಪು ಕೂರಲು ಶುರುವಾಗುತ್ತದೆ, ಜಿಪ್ಸಂ ಅದಕ್ಕೂ ಮೊದಲೇ ಬಹುಪಾಲು ಕೂತಿರುತ್ತದೆ. 29-30 ದಾಟುವ ಮುಂಚೆ ಉಳಿದ ಕಹಿ ನೀರನ್ನು ಹೊರಬಿಡಬೇಕು. ತಡಮಾಡಿದರೆ ಮೆಗ್ನೀಸಿಯಂ ಲವಣ ಹರಳಿನ ಸಂದುಗಳಲ್ಲಿ ಸಿಕ್ಕಿಕೊಂಡು ಉಪ್ಪು ಕಹಿಯಾಗುತ್ತದೆ, ಮಳೆಗಾಲದಲ್ಲಿ ನೀರೊಡೆಯುತ್ತದೆ.