ಸಸೆಪ್ಟಿಬಿಲಿಟಿ, ಹಜಾರ್ಡ್, ರಿಸ್ಕ್: ಮೂರಕ್ಕೂ ‘ಅಪಾಯ’ವೇ?

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಕಡೆಯ ಒಂದು ಪಂಚಾಯಿತಿಗೆ ಭೂಕುಸಿತ ನಕ್ಷೆಯ ವಿವರಣೆಯನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಈ ಮೂರು ಪದಗಳು ದಾರಿ ಬಿಡುತ್ತಿಲ್ಲ. ಈಗ ಸಿಗುವ ಹೆಚ್ಚಿನ ಕನ್ನಡ ಬರಹಗಳಲ್ಲಿ ಮೂರೂ ‘ಅಪಾಯ’ವೇ.

ಸಸೆಪ್ಟಿಬಿಲಿಟಿ ನಕ್ಷೆ ಇಳಿಜಾರು, ಮಣ್ಣು, ಕಲ್ಲು, ನೆಲದ ಬಳಕೆ ಎಲ್ಲ ನೋಡಿ ಯಾವ ಜಾಗ ಜರಿಯುವಂಥದ್ದು ಅಂತ ಹೇಳುತ್ತದೆ, ಅಷ್ಟೇ. ಯಾವಾಗ, ಎಷ್ಟು ಸಲ ಅನ್ನೋದು ಸೇರಿದರೆ ಹಜಾರ್ಡ್. ಅಲ್ಲಿ ಮನೆ, ಜನ, ರಸ್ತೆ ಇದ್ದು ನಷ್ಟದ ಲೆಕ್ಕ ಬಂದರೆ ರಿಸ್ಕ್. ಪುಷ್ಪಗಿರಿ ಕಡೆ ಜನರೇ ಇಲ್ಲದ ಕಾಡಿನ ಇಳಿಜಾರು ನಕ್ಷೆಯಲ್ಲಿ ಕೆಂಪಾಗಿದ್ದರೂ ರಿಸ್ಕ್ ಕಡಿಮೆ. 2018ರ ಆಗಸ್ಟ್‌ನಲ್ಲಿ ಪೆಟ್ಟು ತಿಂದ ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿ ನಗರದ ಕಥೆ ಬೇರೆ. ಅಲ್ಲಿ ಇಳಿಜಾರಿನಲ್ಲೇ ಮನೆಗಳು.

ಇದು ಸುಮ್ನೆ ಪದದ ಜಗಳ ಅಲ್ಲ. ಎಲ್ಲಿ ಮನೆ ಕಟ್ಟಲು ಬಿಡಬಾರದು, ರಸ್ತೆಗೆ ಗುಡ್ಡ ಎಲ್ಲಿ ಕಡಿಯಬಾರದು ಅನ್ನೋದಕ್ಕೆ ಮೊದಲನೆಯದು ಬೇಕು. ಜೋರು ಮಳೆಗೆ ಯಾರನ್ನು ಯಾವಾಗ ಸ್ಥಳಾಂತರಿಸಬೇಕು ಅನ್ನೋದಕ್ಕೆ ಎರಡನೆಯದು. ಇರುವ ದುಡ್ಡಿನಲ್ಲಿ ತಡೆಗೋಡೆ ಮೊದಲು ಎಲ್ಲಿಗೆ ಅನ್ನೋದಕ್ಕೆ ಮೂರನೆಯದು. ಎಲ್ಲದಕ್ಕೂ ‘ಅಪಾಯದ ವಲಯ’ ಅಂತ ಬರೆದರೆ ಓದಿದವರು ನಾಳೆಯೇ ಮನೆ ಖಾಲಿ ಮಾಡಬೇಕೋ ಏನೋ ಅಂದುಕೊಳ್ಳುತ್ತಾರೆ. ಇಲ್ಲವೇ ಕಾಗದ ಮಡಚಿಟ್ಟು ಮರೆಯುತ್ತಾರೆ. ಹೀಗೆ ಮರೆಯುವವರೇ ಜಾಸ್ತಿ ಅಂತ ನನ್ನ ಅನಿಸಿಕೆ.

ಸದ್ಯಕ್ಕೆ ನಾನು ಹಾಕಿಕೊಂಡಿರುವುದು: ಜರಿಯುವ ಗುಣ, ಜರಿತದ ಅಪಾಯ, ನಷ್ಟದ ಸಂಭವ. ಮೊದಲನೆಯದಕ್ಕೆ ‘ಕುಸಿತ ಸಾಧ್ಯತೆ’ ಅಂತ ಕೆಲವರು ಬರೆಯುತ್ತಾರೆ. ‘ಸಾಧ್ಯತೆ’ ಅಂದ ಕೂಡಲೇ ಈ ವರ್ಷ ಬೀಳುತ್ತಾ ಅನ್ನೋ ಪ್ರಶ್ನೆ ಬರುತ್ತದೆ. ನಕ್ಷೆಗೆ ಅದು ಗೊತ್ತೇ ಇಲ್ಲ.

ಇನ್ನೊಂದು ತೊಡಕು ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ (ಜಿಎಸ್‌ಐ) ರಾಷ್ಟ್ರಮಟ್ಟದ ಸಸೆಪ್ಟಿಬಿಲಿಟಿ ನಕ್ಷೆಗಳು 1:50,000 ಅಳತೆಯವು. ಅಂದರೆ ನಕ್ಷೆಯ 1 ಸೆಂ.ಮೀ. ನೆಲದ ಮೇಲೆ ಅರ್ಧ ಕಿಲೋಮೀಟರ್. 10 ಮೀಟರ್ ಅಗಲದ ಮನೆ ಅದರಲ್ಲಿ 0.2 ಮಿ.ಮೀ., ಪೆನ್ಸಿಲ್ ಗೀಟಿಗಿಂತ ಸಣ್ಣದು. ನಮ್ಮಲ್ಲಿ ಮಳೆಗಾಲದಲ್ಲಿ ಹೆಚ್ಚು ಕೇಳಿಬರುವುದು ‘ಬರೆ ಕುಸೀತು’ ಅನ್ನೋ ಮಾತು. ಬರೆ ಅಂದರೆ ಮನೆಗೋ ರಸ್ತೆಗೋ ಜಾಗ ಮಾಡಲು ಗುಡ್ಡ ಕಡಿದಾಗ ಹಿಂದೆ ನೆಟ್ಟಗೆ ನಿಲ್ಲುವ ಮಣ್ಣಿನ ಗೋಡೆ. ಮನೆ ಹಿಂದಿನ ಅಂಥ ಬರೆ ಆ ಅಳತೆಯಲ್ಲಿ ಕಾಣುವುದಿಲ್ಲ. ಹಾಗಾಗಿ ನಕ್ಷೆಯ ಭೂಕುಸಿತಕ್ಕೂ ಊರಿನವರ ಬರೆ ಕುಸಿತಕ್ಕೂ ಬೇರೆ ಬೇರೆ ಪದ ಉಳಿಸಿಕೊಳ್ಳಲೇಬೇಕು ಅನ್ನಿಸಿದೆ. ಜರಿಯುವ ಗುಣ ಕಡಿಮೆ ಅಂತ ನಕ್ಷೆ ಹಸಿರು ಬಣ್ಣ ಕೊಟ್ಟ ಜಾಗದಲ್ಲೂ ಬರೆ ಬೀಳಬಹುದು, ಅಲ್ವಾ?

ಶಿವಮೊಗ್ಗ, ಚಿಕ್ಕಮಗಳೂರು ಕಡೆಯವರು ಬರೆಯನ್ನೇ ‘ಧರೆ’ ಅನ್ನುತ್ತಾರಂತೆ. ದಕ್ಷಿಣ ಕನ್ನಡದಲ್ಲಿ ‘ಗುಡ್ಡ ಜರಿತ’ ಕೇಳಿದ್ದೇನೆ. ಬರೆ, ಧರೆ ಎರಡೂ ಒಂದೇ ಅರ್ಥದಲ್ಲಿ ನಡೆಯುತ್ತವಾ? ಆ ಕಡೆಯವರು ತಿಳಿಸಿ. ‘ಜರಿಯುವ ಗುಣ’ಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ಅದನ್ನೂ ಬರೆಯಿರಿ.